ಫೋರ್ಟಿನ ರಾತ್ರಿಗೆ ಬೇಕಾದ ಬೆಳಕು

ಮುಂಬಯಿಯ ಫೋರ್ಟಿನ ಕನ್ನಡಿಗರ ಚರಿತ್ರೆಯಲ್ಲಿ ಒಂದು ದೊಡ್ಡ ಪಾಲು ನಡೆದದ್ದು ರಾತ್ರಿ ಹೊತ್ತು. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರು ಸಂಜೆ ಕನ್ನಡ ರಾತ್ರಿ ಶಾಲೆಯ ಬೆಂಚಿನಲ್ಲಿ ಕೂತು ಓದಿದರು. ಕ್ಯಾಮೆರಾಕ್ಕೆ ಬೇಕಿದ್ದದ್ದು ಮಾತ್ರ ಹಗಲು.

ಫೋಟೋಗ್ರಫಿ ಈ ಊರಿಗೆ ಬೇಗನೇ ಬಂತು. ಬಾಂಬೆಯ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿದ್ದು 1854ರಲ್ಲಿ. ರಾಜಾ ದೀನ್ ದಯಾಳ್ 1896ರಲ್ಲಿ ಇಲ್ಲಿ ಸ್ಟುಡಿಯೊ ತೆರೆದರು. ಆ ಕಾಲದ ಸ್ಟುಡಿಯೊಗಳಲ್ಲಿ ಗಾಜಿನ ಮಾಡು ಇಲ್ಲವೇ ದೊಡ್ಡ ಕಿಟಕಿ, ಬೆಳಕನ್ನು ತಗ್ಗಿಸಲು ಪರದೆ ಇರುತ್ತಿದ್ದವು. ಪಕ್ಕದಿಂದ ಮೆತ್ತಗೆ ಬಿದ್ದ ಬೆಳಕು ಮೂಗು, ಕೆನ್ನೆಗಳಿಗೆ ಆಕಾರ ಕೊಡುತ್ತಿತ್ತು. ಆದರೆ ಅದು ಹಗಲು ಬಿಡುವಿದ್ದವರ, ಕೈಯಲ್ಲಿ ಕಾಸಿದ್ದವರ ಬೆಳಕು.

1887ರಲ್ಲಿ ಜರ್ಮನಿಯ ಮೀಥೆ ಮತ್ತು ಗೇಡಿಕೆ ಮೆಗ್ನೀಸಿಯಂ ಬೆರೆಸಿದ ಫ್ಲ್ಯಾಶ್ ಪುಡಿ ತಯಾರಿಸಿದರು. ಬೆಳಕಿನ ಜೊತೆಗೆ ಹೊಗೆ, ಬೆಂಕಿಯ ಭಯ. 1929ರ ಸುಮಾರಿಗೆ ಫ್ಲ್ಯಾಶ್ ಬಲ್ಬು ಮಾರುಕಟ್ಟೆಗೆ ಬಂದಾಗ ಹೊಗೆ ತಪ್ಪಿತು. ಆದರೆ ಒಂದು ಪಟಕ್ಕೆ ಒಂದು ಬಲ್ಬು ಖರ್ಚು. ಫೋರ್ಟಿನ ಅಂಚಿನ ಜೆ.ಜೆ. ಕಲಾಶಾಲೆಯಲ್ಲಿ ಓದಿದ ಹೋಮಾಯಿ ವ್ಯಾರಾವಾಲಾ ಪತ್ರಿಕಾ ಛಾಯಾಗ್ರಾಹಕಿಯಾಗಿ ಇಂಥ ಬಲ್ಬುಗಳನ್ನೇ ಹೊತ್ತು ತಿರುಗಿದವರು. 1930ರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಎಡ್ಗರ್ಟನ್ ಎಲೆಕ್ಟ್ರಾನಿಕ್ ಫ್ಲ್ಯಾಶನ್ನು ಬೆಳೆಸಿದ ಮೇಲೆ, ಒಂದೇ ದೀಪ ಮತ್ತೆಮತ್ತೆ ಮಿಂಚತೊಡಗಿತು.

ಫ್ಲ್ಯಾಶಿನಿಂದ ರಾತ್ರಿಯ ಜನರಿಗೂ ಪಟ ಸಿಕ್ಕಿತು. ಆದರೆ ಕ್ಯಾಮೆರಾದ ನೆತ್ತಿಯಿಂದ ನೇರ ಹೊಡೆದ ಬೆಳಕು ಮುಖವನ್ನು ಚಪ್ಪಟೆ ಮಾಡುತ್ತದೆ, ಬೆವರಿದ ಹಣೆಯನ್ನು ಮಿರುಗಿಸುತ್ತದೆ, ಬೆನ್ನ ಹಿಂದಿನ ಗೋಡೆಯಲ್ಲಿ ಕಡುನೆರಳು ಬಿಡುತ್ತದೆ.

ಇದಕ್ಕೆ ಮದ್ದು ಆ ಹಳೆಯ ಕಿಟಕಿಯಲ್ಲೇ ಇದೆ. ರಾತ್ರಿ ಶಾಲೆಯಲ್ಲಿ ಓದಿದ ಹಿರಿಯರ ಪಟಗಳನ್ನು ನಾನು ತೆಗೆಯುವುದು ಆಫೀಸು ಮುಗಿದ ಮೇಲೆ, ಕತ್ತಲಾದ ಮೇಲೆ. ಪ್ರತ್ಯೇಕ ಫ್ಲ್ಯಾಶಿನ ತಲೆಯನ್ನು ಪಕ್ಕದ ಬಿಳಿ ಗೋಡೆಗೆ ತಿರುಗಿಸಿದರೆ ಆ ಗೋಡೆಯೇ ಕಿಟಕಿಯಾಗುತ್ತದೆ. ಫೋರ್ಟಿನ ಹಳೆಯ ಕಟ್ಟಡಗಳಲ್ಲಿ ಚಾವಣಿಯನ್ನು ನಂಬುವಂತಿಲ್ಲ, ತೀರ ಎತ್ತರ. ದೂರ ಎರಡು ಪಟ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಗೋಡೆಗೆ ಹಸಿರು ಬಣ್ಣವಿದ್ದರೆ ಮುಖವೂ ಹಸಿರಾಗುತ್ತದೆ. ಆಗ ಒಂದು ಬಿಳಿ ಥರ್ಮೊಕೋಲ್ ಹಲಗೆ ಸಾಕು. ಐಎಸ್ಒ 800, ಷಟರ್ 1/30 ಇಟ್ಟರೆ ಕೋಣೆಯ ದೀಪವೂ ಪಟದೊಳಗೆ ಉಳಿಯುತ್ತದೆ. ಫ್ಲ್ಯಾಶಿಗೆ ತೆಳು ಕಿತ್ತಳೆ ಹಾಳೆ ಕಟ್ಟಿದರೆ ಅದರ ಬೆಳಕು ಹಳದಿ ಬಲ್ಬಿನ ಬಣ್ಣಕ್ಕೆ ಹೊಂದುತ್ತದೆ.

ಸುಕ್ಕು ಮರೆಸುವುದು ಇಲ್ಲಿನ ಉದ್ದೇಶವಲ್ಲ. ಐವತ್ತು ವರ್ಷ ಒಲೆಯ ಮುಂದೆ ನಿಂತವರ ಮುಖದಲ್ಲಿ ಅದು ಕಾಣಬೇಕು. ಕಾಣಲು ನೆರಳೂ ಬೇಕು.

ನಿಮ್ಮ ಮನೆಯಲ್ಲೂ ಅಜ್ಜನದೋ ಮಾವನದೋ ಮುಂಬಯಿಯ ಗುಂಪು ಪಟವಿದ್ದರೆ ಒಮ್ಮೆ ಹೊರತೆಗೆಯಿರಿ. ಪ್ರತಿ ತಲೆಯ ಹಿಂದೆಯೂ ಗೋಡೆಯ ಮೇಲೆ ಗಟ್ಟಿ ನೆರಳು ಅಂಟಿದ್ದರೆ ಅದು ಫ್ಲ್ಯಾಶಿನ ಪಟ, ಬಹುಶಃ ರಾತ್ರಿಯದು. ಅಂದರೆ ದುಡಿದು ಮುಗಿಸಿ ಬಂದು ನಿಂತವರು. ಅವರ ಹೆಸರು ಬಲ್ಲವರು ಇನ್ನೂ ಇದ್ದರೆ ಕೇಳಿ, ಪಟದ ಹಿಂದೆ ಬರೆದಿಡಿ. ಬೆಳಕು ಮುಖವನ್ನಷ್ಟೇ ಉಳಿಸೀತು, ಹೆಸರನ್ನು ನಾವೇ ಉಳಿಸಬೇಕು.