ಯಲಹಂಕ ಬಾಗಿಲಿನಿಂದ ಒಳಗೆ

ಯಲಹಂಕದಿಂದ ತೆಂಕಣಕ್ಕೆ ಮೂರು ಹರದಾರಿ ನಡೆದು ಬಂದ ಪಯಣಿಗನು ಬೆಂಗಳೂರು ಪೇಟೆಯನ್ನು ಹೊಗುತ್ತಿದ್ದ ಉತ್ತರ ದಿಕ್ಕಿನ ಬಾಗಿಲಿಗೆ ಯಲಹಂಕ ಬಾಗಿಲೆಂದೇ ಹೆಸರಿದ್ದಿತು. ಆ ಬಾಗಿಲು ಈಗಿಲ್ಲ. ಮೈಸೂರು ಬ್ಯಾಂಕ್ ವೃತ್ತದ ಬಳಿಯ ಆಂಜನೇಯಸ್ವಾಮಿಯ ಗುಡಿಯು ಆ ಹೆಸರನ್ನು ಇನ್ನೂ ಉಳಿಸಿಕೊಂಡಿರುವುದು. ಅಲ್ಲಿ ಕೈಮುಗಿದು, ಹಿಂದೆ ದೊಡ್ಡಪೇಟೆಯೆನಿಸಿದ್ದ ಇಂದಿನ ಅವೆನ್ಯೂ ರಸ್ತೆಯನ್ನು ಕಾಲ್ನಡೆಯಾಗಿ ಹೊಗುವವನಿಗೆ ಕಾಲಿಡುವುದೆಲ್ಲಿ ಎಂಬ ಚಿಂತೆಯೇ ಮೊದಲು ಹುಟ್ಟುವುದು.

ಪೇಟೆಯನ್ನು ಕಟ್ಟಿಸಿದವನ ಕಾಲದಲ್ಲಿ ಈ ಚಿಂತೆಗೆ ಎಡೆಯಿರಲಿಲ್ಲ. ಯಲಹಂಕ ನಾಡಿನ ಪ್ರಭುವಾದ ಹಿರಿಯ ಕೆಂಪೇಗೌಡನು 1537ರಲ್ಲಿ, ಅಚ್ಯುತದೇವರಾಯನು ವಿಜಯನಗರದಲ್ಲಿ ಆಳುತ್ತಿದ್ದಾಗ, ಈ ಪುರವನ್ನು ಸ್ಥಾಪಿಸಿದನು. ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವಲ್ಲಿ ನಾಲ್ಕು ನೇಗಿಲುಗಳಿಗೆ ಎತ್ತುಗಳನ್ನು ಹೂಡಿಸಿ ನಾಲ್ಕು ದಿಕ್ಕಿಗೆ ಹೊಡೆಯಿಸಿದನೆಂದೂ, ಆ ಸಾಲುಗಳೇ ರಾಜಬೀದಿಗಳಾದುವೆಂದೂ ಪ್ರತೀತಿಯುಂಟು. ಉತ್ತರದಿಂದ ದಕ್ಷಿಣದ ಕೋಟೆಯ ಕಡೆಗೆ ದೊಡ್ಡಪೇಟೆ. ಪೂರ್ವದ ಹಲಸೂರು ಬಾಗಿಲಿನಿಂದ ಪಶ್ಚಿಮದ ಸೊಂಡೆಕೊಪ್ಪ ಬಾಗಿಲಿಗೆ ಚಿಕ್ಕಪೇಟೆ. ಇವುಗಳ ಆಚೀಚೆ ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂದು ಕಸುಬಿಗೊಂದು, ಸರಕಿಗೊಂದು ಕೇರಿ. ಸರಕು ಹೆಚ್ಚಾಗಿ ಬರುತ್ತಿದ್ದುದು ಹೇರೆತ್ತುಗಳ ಬೆನ್ನಿನ ಮೇಲೆ. 1800ರಲ್ಲಿ ಬೆಂಗಳೂರಿಗೆ ಬಂದಿದ್ದ ಸ್ಕಾಟ್ಲೆಂಡಿನ ವೈದ್ಯ ಬುಕಾನನ್ನನ ಪ್ರವಾಸವೃತ್ತಾಂತದಲ್ಲಿಯೂ ಇದು ಕಾಣಬರುವುದು. ಎತ್ತು ಮನುಷ್ಯನ ನಡಿಗೆಯಲ್ಲಿಯೇ ನಡೆಯುವ ಪ್ರಾಣಿ. ಎದುರು ಬಂದವನಿಗೆ ಓರೆಯಾಗಿ ದಾರಿ ಬಿಡಬಲ್ಲುದು. ಆದುದರಿಂದ ಬೀದಿಗಳು ಇಕ್ಕಟ್ಟೆಂದು ಕೆಂಪೇಗೌಡನನ್ನು ದೂರುವವರು ಯೋಚಿಸಿ ದೂರುವುದು ಒಳ್ಳೆಯದು. ಅವನು ಕಾಲಿಗೆ ಅಳತೆ ಹಿಡಿದು ಹೊಲಿಸಿದ ಪಾದರಕ್ಷೆಯೊಳಗೆ ಮುಂದಿನವರು ಚಕ್ರವನ್ನು ತುರುಕಿದರು.

1898ರ ಪ್ಲೇಗು ಮಾರಿಯು ಪೇಟೆಯ ಇಕ್ಕಟ್ಟಿನಲ್ಲಿ ಬಹುಮಂದಿಯನ್ನು ನುಂಗಿದ ಮೇಲೆ ಬಸವನಗುಡಿ ಮಲ್ಲೇಶ್ವರಗಳಲ್ಲಿ ಅಗಲವಾದ ಬೀದಿಗಳು ಬೆಳೆದುವು; ಪೇಟೆಯು ಮಾತ್ರ ಹಳೆಯ ಅಳತೆಯಲ್ಲಿಯೇ ನಿಂತಿತು. ಆ ಅಳತೆಯೊಳಗೇ ಇಂದು ಲಾರಿ, ಆಟೋರಿಕ್ಷಾ, ಸ್ಕೂಟರು, ತಳ್ಳುಗಾಡಿಗಳೆಲ್ಲವೂ ನುಗ್ಗಿರುವುವು. ಹಳೆಯ ಪುಸ್ತಕಗಳ ರಾಶಿಗೂ ನಿಂತ ಸ್ಕೂಟರುಗಳ ಸಾಲಿಗೂ ನಡುವೆ, ಮದುವೆಯ ಸೀರೆಗೆಂದು ಬಂದ ವೃದ್ಧೆಯೊಬ್ಬಳು ಮೊಮ್ಮಗಳ ಕೈಹಿಡಿದು ಅಡ್ಡಡ್ಡಲಾಗಿ ಹೆಜ್ಜೆಯಿಡುವುದನ್ನು ಕಂಡವರಿಗೆ ಹೆಚ್ಚು ಹೇಳಬೇಕಾದುದಿಲ್ಲ.

ನಡೆಯುವವನ ಹಕ್ಕು ಹೊಸ ಕಾಲದ ಕಲ್ಪನೆಯೆಂದು ಬಗೆಯುವವರುಂಟು. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಂಥವರು ನೋಡತಕ್ಕುದು. ರಥಪಥಕ್ಕೆ 5 ಅರತ್ನಿ, ಪಶುಪಥಕ್ಕೆ 4, ಮನುಷ್ಯರೂ ಸಣ್ಣ ಪಶುಗಳೂ ನಡೆಯುವ ಪಥಕ್ಕೆ 2 ಅರತ್ನಿ ಎಂದು ಅವನು ಬೇರೆಬೇರೆಯಾಗಿಯೇ ವಿಧಿಸಿರುವನು. ಎರಡು ಅರತ್ನಿಯೆಂದರೆ ಸುಮಾರು 3 ಅಡಿ. ಅಗಲವು ಅಲ್ಪವೇ, ಆದರೆ ಆ ಅಲ್ಪಪಥವನ್ನು ತಡೆದವನಿಗೆ 12 ಪಣ ದಂಡವೆಂದು ಇನ್ನೊಂದೆಡೆ ಹೇಳಿರುವನು. ಚಿಕ್ಕಪೇಟೆಯಲ್ಲಿ ಒಂದೇ ದಿನ ಈ ದಂಡವನ್ನು ವಸೂಲು ಮಾಡಿದರೆ ಬೊಕ್ಕಸದ ಗತಿ ಏನಾದೀತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಇದೇ ನಗರದ ದಂಡಿನ ಪ್ರದೇಶದಲ್ಲಿ ಚರ್ಚ್ ಸ್ಟ್ರೀಟನ್ನು ಕಲ್ಲುಹಾಸಿ ನಡೆಯುವವರಿಗೆ ಅನುಕೂಲವಾಗುವಂತೆ ಮಾಡಿ 2018ರಲ್ಲಿ ತೆರೆದರು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ಅಲ್ಲಿ ಮೋಟಾರು ವಾಹನಗಳನ್ನೇ ನಿಲ್ಲಿಸಿದ್ದರು. ಅದನ್ನು ಹಾಗೆಯೇ ತಂದು ಪೇಟೆಗೆ ತೊಡಿಸಬೇಕೆಂಬುದು ಅವಸರದ ಮಾತು. ಅಲ್ಲಿ ಬರುವವರು ತಿಂಡಿತೀರ್ಥಕ್ಕೂ ವಿಹಾರಕ್ಕೂ ಬರುವರು. ಪೇಟೆಯದು ಸಗಟು ವ್ಯಾಪಾರ. ಮೂಟೆ ಇಳಿಯದೆ ಅಂಗಡಿಯ ಬಾಗಿಲು ತೆರೆಯದು. ಬೆನ್ನಿನ ಮೇಲೆ ಗಂಟು ಹೊತ್ತು ಸಂದಿಯಿಂದ ಸಂದಿಗೆ ಓಡುವ ಹಮಾಲಿಯೂ ನಡೆಯುವವನೇ ಅಷ್ಟೆ. ಲಾರಿಯನ್ನು ದೂರದಲ್ಲಿ ತಡೆದರೆ ಆ ದೂರವು ಅವನ ಬೆನ್ನಿಗೇ ಬೀಳುವುದು. ಅವನನ್ನು ಮರೆತು ಮಾಡಿದ ಯಾವ ಏರ್ಪಾಡೂ ನ್ಯಾಯವಾಗದು.

ಜಾಗವನ್ನು ಹಂಚಲಾಗದ ಕಡೆ ಹೊತ್ತನ್ನು ಹಂಚುವುದು ಹಳೆಯ ಉಪಾಯ. ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿ ಜೂಲಿಯಸ್ ಸೀಸರನ ಕಾಲದ ಶಾಸನವು ರೋಮಿನ ಬೀದಿಗಳಲ್ಲಿ ಹಗಲಿನ ಬಹುಭಾಗ ಸರಕಿನ ಬಂಡಿಗಳನ್ನು ನಿಷೇಧಿಸಿ, ದೇವಾಲಯ ಕಟ್ಟುವ ಸಾಮಗ್ರಿಯೇ ಮೊದಲಾದ ಕೆಲವಕ್ಕೆ ವಿನಾಯಿತಿ ಕೊಟ್ಟಿತ್ತು. ಬಂಡಿಗಳು ರಾತ್ರಿಗೆ ಸರಿದುವು. ನಿದ್ದೆಗೆಟ್ಟವರ ಪಾಡನ್ನು ಕುರಿತು ಕವಿ ಜುವೆನಲನು ಮುಂದೆ ವಿಡಂಬನೆ ಬರೆಯುವಂತಾಯಿತು. ಅಂಗಡಿಗಳ ಮೇಲಂತಸ್ತುಗಳಲ್ಲಿ ಸಂಸಾರ ಹೂಡಿರುವ ಪೇಟೆಯವರಿಗೂ ಆ ಕಷ್ಟ ತಪ್ಪುವುದಿಲ್ಲ. ರಾತ್ರಿಯಿಡೀ ಬದಲು ಮುಂಜಾವದ ಕೆಲವು ಗಂಟೆಗಳನ್ನು ಸರಕಿಗೆ ಬಿಟ್ಟರೆ ಇಬ್ಬರಿಗೂ ಸಹ್ಯವಾಗಬಹುದು. ಕೊಳ್ಳುವವರಂತೂ ವಾಹನ ತರಬೇಕಾದುದಿಲ್ಲ. 2017ರ ಜೂನಿನಿಂದ ಚಿಕ್ಕಪೇಟೆಯ ನೆಲದಡಿಯಲ್ಲಿಯೇ ಮೆಟ್ರೊ ರೈಲು ನಿಲ್ಲುತ್ತಿರುವುದು.

ಇದು ಆಗುವ ಮಾತೇ ಎಂದು ಸಂದೇಹಪಡುವವರು ಚೈತ್ರ ಶುದ್ಧ ಪೂರ್ಣಿಮೆಯ ರಾತ್ರಿ ಪೇಟೆಗೆ ಹೋಗಿ ನೋಡಬೇಕು. ಅಂದು ಧರ್ಮರಾಯಸ್ವಾಮಿಯ ಗುಡಿಯಿಂದ ಹೂವಿನ ಕರಗವು ಹೊರಡುವುದು. ಹಿರಿದ ಕತ್ತಿಗಳ ವೀರಕುಮಾರರೊಡನೆ ಅದು ಗಲ್ಲಿಗಲ್ಲಿಗಳಲ್ಲಿ ನಡೆದು, ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಭೇಟಿಯಿತ್ತು, ಬೆಳಗಿಗೆ ಹಿಂದಿರುಗುವುದು. ಅಲ್ಲಿಯವರೆಗೆ ಬೀದಿಗಳಲ್ಲಿ ಮಲ್ಲಿಗೆಯೂ ಜನರ ಪಾದಗಳೂ ಅಲ್ಲದೆ ಬೇರೇನೂ ಇಲ್ಲ. ಅದೇ ಇಕ್ಕಟ್ಟು ಬೀದಿ ಲಕ್ಷ ಜನಕ್ಕೆ ಸಾಲುವುದು. ಕರಗವು ಗುಡಿ ಸೇರಿದ ಮೇಲೆ ಉದುರಿದ ಹೂಗಳನ್ನು ತುಳಿದುಕೊಂಡು ಮೊದಲ ಸರಕಿನ ಗಾಡಿ ಬರುವುದು.