ಹರಾಜಿನ ಕುದುರೆ ಮತ್ತು ಹೇಳದೆ ಉಳಿದ ದೋಷ



ವೈದ್ಯನೊಬ್ಬನು ಕುದುರೆ ವ್ಯಾಪಾರದ ಚರಿತ್ರೆಯನ್ನು ಹೇಳಹೊರಡುವುದು ನಿಮಗೆ ವಿಚಿತ್ರವೆನಿಸಬಹುದು. ನಾನು ಈ ದೇಶದಲ್ಲಿ ರೆಸಿಡೆನ್ಸಿ ಮಾಡುತ್ತಿದ್ದಾಗ ಒಂದು ರಾತ್ರಿ, ಕುದುರೆಯ ಒದೆತದಿಂದ ಯಕೃತ್ತು ಸೀಳಿದ್ದ ಬಾಲಕಿಯೊಬ್ಬಳನ್ನು ಕರೆತಂದರು. ಹಿಂದಿನ ವಾರವಷ್ಟೇ ಜಾನುವಾರು ಹರಾಜಿನಲ್ಲಿ ಕೊಂಡ ಕುದುರೆಯದು. ಬಹಳ ಸಾಧುವೆಂದು ಕೂಗಿ ಮಾರಿದ್ದರಂತೆ. ಮಾರಿದವನಿಗೆ ಅದರ ಸ್ವಭಾವ ತಿಳಿದಿರಲಿಲ್ಲವೇ ಎಂಬ ತಂದೆಯ ಪ್ರಶ್ನೆ ನನ್ನನ್ನು ಗ್ರಂಥಾಲಯಕ್ಕೆ ಅಟ್ಟಿತು.

ಪ್ರಾಚೀನ ರೋಮಿನಲ್ಲಿ ಪೇಟೆಯ ಮೇಲ್ವಿಚಾರಣೆ ಈಡೈಲರೆಂಬ ಅಧಿಕಾರಿಗಳದು. ಪಶುವನ್ನು ಮಾರುವವನು ಅದರ ರೋಗವನ್ನೂ ದೋಷವನ್ನೂ ಬಹಿರಂಗವಾಗಿ ಹೇಳತಕ್ಕದ್ದೆಂದು ಅವರ ಶಾಸನ. ಹೇಳದಿದ್ದಲ್ಲಿ ಕೊಂಡವನು 6 ತಿಂಗಳೊಳಗೆ ವ್ಯಾಪಾರವನ್ನೇ ರದ್ದುಪಡಿಸಬಹುದಿತ್ತು. ಇಲ್ಲವೇ ವರ್ಷದೊಳಗೆ ಬೆಲೆಯಲ್ಲಿ ಕಡಿತ ಕೇಳಬಹುದಿತ್ತು. ದುಃಸ್ವಭಾವವೂ ದೋಷವೇ? ಕ್ರಿ.ಶ. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಪ್ರಕಟಿಸಿದ ‘ಡೈಜೆಸ್ಟ್’ ಸಂಗ್ರಹದಲ್ಲಿ ನ್ಯಾಯವೇತ್ತ ಪೌಲನ ಅಭಿಪ್ರಾಯವಿದೆ: ಹಾಯುವ ಎತ್ತು ದೋಷಯುಕ್ತವೆಂದು ಬಹುಮಂದಿಯ ಮತ, ನಿಷ್ಕಾರಣವಾಗಿ ಬೆದರಿ ಕಿತ್ತುಕೊಂಡು ಓಡುವ ಪಶುವೂ ಹಾಗೆಯೇ. ನಮ್ಮ ರೈತನೂ ಒಪ್ಪುವ ಮಾತು. ಆದರೆ ಇದೇ ಅಧಿಕಾರಿಗಳು ಗುಲಾಮರ ಮಾರಾಟಕ್ಕೂ ಇಂಥದೇ ಶಾಸನ ಹೊರಡಿಸಿದ್ದರು. ಮನುಷ್ಯನನ್ನು ಎತ್ತಿನ ಸಾಲಿನಲ್ಲಿ ನಿಲ್ಲಿಸಿದ ಕಾನೂನನ್ನು ಪೂರ್ತಿಯಾಗಿ ಹೊಗಳಲು ಮನಸ್ಸೊಪ್ಪದು.

ಇಂಗ್ಲೆಂಡಿನ ದಾರಿ ಬೇರೆ. 1766ರಲ್ಲಿ ರಿಚರ್ಡ್ ಟ್ಯಾಟರ್ಸಾಲ್ ಲಂಡನ್ನಿನ ಹೈಡ್ ಪಾರ್ಕ್ ಕಾರ್ನರ್ ಬಳಿ ಪ್ರಸಿದ್ಧ ಕುದುರೆ ಹರಾಜನ್ನು ಆರಂಭಿಸಿದನು. ಹಾಪ್ಕಿನ್ಸ್ ಎಂಬಾತ ಹರಾಜಿನ ಹಿಂದಿನ ದಿನ ಅಲ್ಲಿ ಕುದುರೆಯೊಂದರ ಕಾಲುಗಳನ್ನು ಮುಟ್ಟಿ ಪರೀಕ್ಷಿಸುತ್ತಿದ್ದಾಗ, ಒಡೆಯ ಟ್ಯಾಂಕರೆ, ಹುಡುಕುವಂಥದೇನೂ ಇಲ್ಲ, ಕುದುರೆ ಸರ್ವಥಾ ದೃಢವಾಗಿದೆ ಎಂದನು. ನಂಬಿದ ಹಾಪ್ಕಿನ್ಸ್ ಕೈ ತೆಗೆದು, ಮರುದಿನ ಅದನ್ನೇ ಕೊಂಡನು. ಕುದುರೆ ದೃಢವಾಗಿರಲಿಲ್ಲ. 1854ರಲ್ಲಿ ನ್ಯಾಯಾಲಯವು, ಅಲ್ಲಿಯ ಹರಾಜು ಖಾತರಿರಹಿತವೆಂದು ಇಬ್ಬರಿಗೂ ಗೊತ್ತಿತ್ತು, ಹಿಂದಿನ ದಿನದ ಮಾತು ಖಾತರಿಯಲ್ಲ ಎಂದು ತೀರ್ಮಾನಿಸಿತು. ರೋಗಿಯ ಪೂರ್ವಚರಿತ್ರೆಯನ್ನು ಕೇಳಿಯೇ ಚಿಕಿತ್ಸೆಗೆ ತೊಡಗುವ ನನಗೆ ಈ ತೀರ್ಪು ಇಂದಿಗೂ ಜೀರ್ಣವಾಗಿಲ್ಲ.

ಕಾಲಿನ ದೋಷವನ್ನಾದರೂ ಕೈಯಿಂದ ಮುಟ್ಟಿ ತಿಳಿಯಬಹುದು. ಸ್ವಭಾವವನ್ನು ತಿಳಿಯುವುದು ಹೇಗೆ? ಏಸಿಪ್ರೊಮಜಿನ್‌ನಂಥ ಶಾಮಕವನ್ನು ಕೊಟ್ಟರೆ ಉಗ್ರ ಕುದುರೆಯೂ ಕೆಲವು ಗಂಟೆ ತಲೆತಗ್ಗಿಸಿ ನಿಲ್ಲುತ್ತದೆ. ಆದ್ದರಿಂದಲೇ ಕೆಲವು ದೊಡ್ಡ ಹರಾಜುಗಳಲ್ಲಿ ರಕ್ತಪರೀಕ್ಷೆಗೆ ಅವಕಾಶವಿದೆ. ನಮ್ಮ ದನಗಳ ಜಾತ್ರೆಯಲ್ಲಿ ಟವಲಿನಡಿ ಬೆರಳು ಹಿಡಿದು ಬೆಲೆಯನ್ನು ಗುಟ್ಟಾಗಿಡುತ್ತಾರೆ. ಇಲ್ಲಿ ಬೆಲೆಯನ್ನು ಕೂಗುತ್ತಾರೆ, ಗುಟ್ಟೆಲ್ಲ ಕುದುರೆಯೊಳಗೆ.

ಬಾಲಕಿ ಬದುಕಿದಳು. ಕುದುರೆಯನ್ನು ಮರುತಿಂಗಳು ಅದೇ ಹರಾಜಿಗೆ ಕಳುಹಿಸಿದೆನೆಂದು ತಂದೆಯೇ ತಿಳಿಸಿದರು. ಅದರ ಸ್ವಭಾವವನ್ನು ಅಲ್ಲಿ ಹೇಳಿದಿರಾ ಎಂದು ನಾನು ಕೇಳಲಿಲ್ಲ.