ಹೆತ್ತವರಿಗೆ ಬೇಕಾದ್ದು ದೋಷಾರೋಪವಲ್ಲ, ತಿಳಿವಳಿಕೆ

ಆಹಾರ ಸೇವನೆಯ ಮನೋರೋಗಗಳಿಗೆ ತುತ್ತಾದ ಹದಿಹರೆಯದವರ ಚಿಕಿತ್ಸೆಯ ಇತಿಹಾಸ ಬಹುಮಟ್ಟಿಗೆ ತಂದೆತಾಯಿಯನ್ನು ಎಲ್ಲಿ ನಿಲ್ಲಿಸಬೇಕೆಂಬ ವಾದದ ಇತಿಹಾಸವೇ ಆಗಿದೆ. 1870ರ ದಶಕದಲ್ಲಿ ಊಟ ತೊರೆದು ಮೈ ಸೊರಗಿಸಿಕೊಳ್ಳುವ ಅನೊರೆಕ್ಸಿಯಾ ನರ್ವೋಸಾ ಕಾಯಿಲೆಗೆ ಆ ಹೆಸರು ಕೊಟ್ಟ ಲಂಡನ್ನಿನ ವೈದ್ಯ ವಿಲಿಯಂ ಗಲ್, ಇಂಥ ರೋಗಿಗಳ ಆರೈಕೆಗೆ ಬಂಧುಗಳು ತಕ್ಕವರಲ್ಲವೆಂದು ನಂಬಿದ್ದರು. ಪ್ಯಾರಿಸ್ಸಿನ ನರರೋಗ ವೈದ್ಯ ಶಾರ್ಕೊ ಅವರಂತೂ ರೋಗಿಯನ್ನು ಮನೆಯವರಿಂದ ಬೇರ್ಪಡಿಸಲೇಬೇಕೆಂದರು. ಶತಮಾನದ ನಂತರ, 1978ರಲ್ಲಿ ಪ್ರಕಟವಾದ ಕೃತಿಯಲ್ಲಿ ಕುಟುಂಬ ಚಿಕಿತ್ಸಕ ಸಾಲ್ವಡೋರ್ ಮಿನುಚಿನ್ ಮತ್ತು ಸಂಗಡಿಗರು ಕುಟುಂಬವನ್ನು ಚಿಕಿತ್ಸೆಯೊಳಗೆ ಕರೆತಂದರು. ಆದರೆ ಅದನ್ನು ತಿದ್ದಲೆಂದು ಕರೆತಂದರು. ದೂರವಿಟ್ಟರೂ ಒಳಗೆ ಕರೆದರೂ, ದೋಷ ಮನೆಯದೇ ಎಂಬ ಊಹೆ ಕದಲಲಿಲ್ಲ.

ಅದನ್ನು ಕದಲಿಸಿದ್ದು ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ಕೆಲಸ. ಚಿಕ್ಕ ವಯಸ್ಸಿನಲ್ಲಿ ಕಾಯಿಲೆ ಹತ್ತಿ ಮೂರು ವರ್ಷ ಕಳೆದಿರದಿದ್ದರೆ ವೈಯಕ್ತಿಕ ಚಿಕಿತ್ಸೆಗಿಂತ ಕುಟುಂಬ ಚಿಕಿತ್ಸೆ ಮೇಲೆಂದು ಜೆರಾಲ್ಡ್ ರಸೆಲ್ ಮತ್ತು ಸಹೋದ್ಯೋಗಿಗಳು 1987ರಲ್ಲಿ ತೋರಿಸಿದರು. ಕಾರಣ ಹುಡುಕುವುದನ್ನು ಬದಿಗಿಟ್ಟು, ಮಗುವಿನ ಊಟದ ಹೊಣೆಯನ್ನು ಸದ್ಯಕ್ಕೆ ಹೆತ್ತವರಿಗೇ ಒಪ್ಪಿಸುವುದು ಇದರ ತಿರುಳು. 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 121 ಹದಿಹರೆಯದವರ ಅಧ್ಯಯನದಲ್ಲಿ, ಚಿಕಿತ್ಸೆ ಮುಗಿದ ಒಂದು ವರ್ಷದ ಬಳಿಕ ಈ ಕ್ರಮ ಅನುಸರಿಸಿದವರಲ್ಲಿ ಶೇ. 49ರಷ್ಟು ಮಂದಿ ಪೂರ್ಣ ಚೇತರಿಕೆಯಲ್ಲಿದ್ದರು. ವೈಯಕ್ತಿಕ ಚಿಕಿತ್ಸೆಯಲ್ಲಿ ಈ ಪ್ರಮಾಣ ಶೇ. 23 ಮಾತ್ರ.

ಹೊಣೆ ಕೊಟ್ಟ ಮೇಲೆ ವಿದ್ಯೆಯನ್ನೂ ಕೊಡಬೇಕಲ್ಲವೇ? ಗುಂಪು ಶಿಕ್ಷಣ ಬೆಳೆದದ್ದು ಈ ಅಗತ್ಯದಿಂದ. ಹಸಿವು ಮೆದುಳಿಗೆ ಏನು ಮಾಡುತ್ತದೆ, ತಟ್ಟೆಯ ಮುಂದೆ ಮಗು ಹಟ ಹಿಡಿದಾಗ ಸಿಟ್ಟಾಗದೆ ಹೇಗೆ ಗಟ್ಟಿಯಾಗಿ ನಿಲ್ಲಬೇಕು, ಯಾವ ಲಕ್ಷಣ ಕಂಡರೆ ತಕ್ಷಣ ಆಸ್ಪತ್ರೆಗೆ ಓಡಬೇಕು ಎಂಬುದನ್ನು ಹಲವು ಕುಟುಂಬಗಳು ಒಟ್ಟಿಗೆ ಕಲಿಯುತ್ತವೆ. 2000ದಲ್ಲಿ ಪ್ರಕಟವಾದ ಟೊರೊಂಟೊ ಅಧ್ಯಯನವೊಂದರಲ್ಲಿ ಕುಟುಂಬ ಚಿಕಿತ್ಸೆ ಪಡೆದವರೂ ಗುಂಪು ಶಿಕ್ಷಣ ಪಡೆದ ಕುಟುಂಬಗಳ ಮಕ್ಕಳೂ ನಾಲ್ಕು ತಿಂಗಳಲ್ಲಿ ಸಮನಾಗಿ ತೂಕ ಗಳಿಸಿದರು. ಖರ್ಚು ಮಾತ್ರ ಗುಂಪಿನಲ್ಲಿ ಕಡಿಮೆ. ಲಂಡನ್ ಮತ್ತು ಡ್ರೆಸ್ಡೆನ್‌ಗಳಲ್ಲಿ ರೂಪುಗೊಂಡ ಬಹುಕುಟುಂಬ ಚಿಕಿತ್ಸೆ ಇನ್ನೂ ಮುಂದೆ ಹೋಗಿ, ಕುಟುಂಬಗಳನ್ನು ಜತೆಯಲ್ಲೇ ಊಟಕ್ಕೆ ಕೂರಿಸಿತು. ಐವನ್ ಐಸ್ಲರ್ ತಂಡದ 2016ರ ವರದಿಯಂತೆ, ವರ್ಷಾಂತ್ಯಕ್ಕೆ ಉತ್ತಮ ಅಥವಾ ಮಧ್ಯಮ ಫಲಿತಾಂಶ ಕಂಡವರು ಒಂಟಿ ಕುಟುಂಬ ಚಿಕಿತ್ಸೆಯಲ್ಲಿ ಶೇ. 58, ಬಹುಕುಟುಂಬ ಚಿಕಿತ್ಸೆಯಲ್ಲಿ ಶೇ. 75.

ಆಕ್ಷೇಪಗಳಿಗೂ ತೂಕವಿದೆ. ಟೊರೊಂಟೊ ಅಧ್ಯಯನದಲ್ಲಿದ್ದವರು 25 ಹುಡುಗಿಯರಷ್ಟೇ. ಆಸ್ಪತ್ರೆಯ ಆರೈಕೆಯೂ ಜತೆಗಿತ್ತು. ಹಾಗಾಗಿ ಗುಂಪು ಶಿಕ್ಷಣವೊಂದೇ ಸಾಕೆಂದು ಅದರಿಂದ ಸಾಧಿಸಲಾಗದು, ವೈದ್ಯಕೀಯ ನಿಗಾ ತಪ್ಪಿಸುವಂತೆಯೂ ಇಲ್ಲ. ಮಗುವನ್ನು ಸದಾ ಟೀಕಿಸುವ ತಂದೆತಾಯಿಗೆ ಹೊಣೆ ಕೊಡುವುದು ಅಪಾಯವಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಟೀಕೆ ಹೆಚ್ಚಿರುವ ಮನೆಗಳಲ್ಲಿ ಹೆತ್ತವರನ್ನೂ ಮಗುವನ್ನೂ ಬೇರೆಬೇರೆಯಾಗಿ ಕಾಣುವುದು ಹೆಚ್ಚು ಫಲಕಾರಿಯೆಂದು ಮಾಡ್ಸ್ಲಿ ಅಧ್ಯಯನಗಳೇ ಹೇಳಿವೆ. ಇದು ಹೆತ್ತವರನ್ನು ಹೊರಗಿಡಲು ಕಾರಣವಾಗದು. ಅವರಿಗೇ ಮೀಸಲಾದ ಗುಂಪುಗಳ ಪರವಾದ ಸಾಕ್ಷ್ಯವಾಗುತ್ತದೆ.

ಬೆಂಗಳೂರಿನ ಮನೋವೈದ್ಯರ ನಡುವೆ ನಡೆದು 2012ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಉತ್ತರಿಸಿದ ಸುಮಾರು ಮೂರನೇ ಎರಡರಷ್ಟು ವೈದ್ಯರು ಇಂಥ ಒಬ್ಬ ರೋಗಿಯನ್ನಾದರೂ ಕಂಡಿದ್ದರು. ಕಾಯಿಲೆ ನಮ್ಮದಲ್ಲವೆಂಬ ಸಮಾಧಾನ ಇನ್ನು ಸಲ್ಲದು. ತಜ್ಞರು ವಿರಳವಾಗಿರುವಲ್ಲಿ ಗುಂಪು ಶಿಕ್ಷಣ ಹೆಚ್ಚು ಮನೆಗಳನ್ನು ಬೇಗ ತಲುಪಬಲ್ಲದು. ನಮ್ಮ ಆಸ್ಪತ್ರೆಗಳು ಅದನ್ನು ಕನ್ನಡದಲ್ಲಿ, ಕಾಯಿಲೆ ಪತ್ತೆಯಾದ ಮೊದಲ ವಾರಗಳಲ್ಲೇ, ಹೆತ್ತವರಿಗೆ ಒದಗಿಸಬೇಕು.